ಮೈ ತುಂಬಿಕೊಂಡರೆ ಬೀಳುವುದಿಲ್ಲವೇ?

ಪ್ರಶ್ನೆ: ನನಗೆ 61 ವರ್ಷ, ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಮನೆಯಲ್ಲಿ ಮೇಲಿನ ಅಂತಸ್ತಿಗೆ ಸೊಪ್ಪು ಹಾಕಲು ಕೈ ಚಾಚಿದರೆ ಮುಂದಕ್ಕೆ ಮುಗ್ಗರಿಸುವಂತಾಗುತ್ತದೆ. ಮೈಯಲ್ಲಿ ತೂಕವಿಲ್ಲದ್ದರಿಂದ ಹೀಗಾಗುತ್ತಿದೆ, ಸ್ವಲ್ಪ ದಪ್ಪವಾದರೆ ಸರಿಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುವುದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ. ದಯವಿಟ್ಟು ಮನೆಯವರಿಗೂ ಓದಿ ಹೇಳಿ.

ಒರಳುಕಲ್ಲು ಅಲುಗುತ್ತದೆಯೇ ಎಂಬುದು ಈ ನಂಬಿಕೆಯವರ ಮಾಮೂಲಿ ವಾದ. ಅಲುಗುವುದಿಲ್ಲ, ಏಕೆಂದರೆ ಅದು ಕುಳ್ಳು, ಅದರ ಬುಡ ಅಗಲ, ಮೇಲಾಗಿ ಅದು ಯಾವುದಕ್ಕೂ ಕೈ ಚಾಚುವುದಿಲ್ಲ. ನಿಂತ ಮನುಷ್ಯನ ಗುರುತ್ವ ಕೇಂದ್ರ, ಅಂದರೆ ಮೈಯ ಭಾರವೆಲ್ಲ ಒಂದೆಡೆ ಸೇರಿದಂತಿರುವ ಬಿಂದುವಾದರೋ ನೆಲದಿಂದ ಅವನ ಎತ್ತರದ ಸುಮಾರು ಶೇ. 55ರಷ್ಟು ಮೇಲೆ, ಹೊಕ್ಕುಳಿನ ತುಸು ಕೆಳಗೆ ಇರುತ್ತದೆ. ಅದಕ್ಕೆ ಆಧಾರವೆಂದರೆ ಎರಡು ಪಾದಗಳು ಮತ್ತು ಅವುಗಳ ನಡುವಿನ ಜಾಗ ಮಾತ್ರ. ಕೈ ಚಾಚಿದಾಗ ಆ ಕೇಂದ್ರ ಕಾಲ್ಬೆರಳುಗಳ ಕಡೆಗೆ ಸರಿಯುತ್ತದೆ, ಅವನ್ನೂ ದಾಟಿದರೆ ಹೆಜ್ಜೆ ಮುಂದಿಡಬೇಕು ಇಲ್ಲವೇ ಬೀಳಬೇಕು. ಈಗ ಹೊಟ್ಟೆಯ ಸುತ್ತ ಕೊಬ್ಬು ಸೇರಿತೆನ್ನಿ: ಕೈ ಎತ್ತುವ ಮೊದಲೇ ಕೇಂದ್ರ ಮುಂದಕ್ಕೆ ಬಂದಿರುತ್ತದೆ, ಮೈಯನ್ನು ಹಿಂದಕ್ಕೆ ಹಿಡಿದಿಡಲು ಮೀನಖಂಡ ಹೆಚ್ಚು ದುಡಿಯಬೇಕಾಗುತ್ತದೆ, ಆದರೆ ಪಾದವೇನೂ ಉದ್ದವಾಗಿರುವುದಿಲ್ಲ. ಸ್ಥೂಲಕಾಯದವರು ಸುಮ್ಮನೆ ನಿಂತಾಗಲೂ ಹೆಚ್ಚು ತೂಗಾಡುತ್ತಾರೆಂಬುದನ್ನೂ, ತೂಕ ಇಳಿಸಿದ ಮೇಲೆ ಆ ತೂಗಾಟ ಕಡಿಮೆಯಾಗುವುದನ್ನೂ ಅಳೆದು ನೋಡಲಾಗಿದೆ. ತೀರಾ ತೆಳ್ಳಗಿರುವವರು ಬಿದ್ದರೆ ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚೆಂಬುದು ಸತ್ಯ. ಆದರೆ ಬೀಳುವುದು ಬೇರೆ, ಬಿದ್ದ ಮೇಲೆ ಮುರಿಯುವುದು ಬೇರೆ. ನಿಮಗೆ ಬೇಕಾದದ್ದು ಕಾಲಿನ ಸ್ನಾಯು, ಹೊಟ್ಟೆಯಲ್ಲ.

ನಿಂತಲ್ಲೇ, ಹೆಜ್ಜೆ ಎತ್ತದೆ, ಭುಜದ ಮಟ್ಟದಲ್ಲಿ ಕೈ ಎಷ್ಟು ಮುಂದೆ ಹೋಗುತ್ತದೆಂದು ಅಳೆಯುವ ಸರಳ ಪರೀಕ್ಷೆಯನ್ನು ಪಮೇಲಾ ಡಂಕನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಅವರ ಅಳತೆಯಲ್ಲಿ 20ರಿಂದ 40 ವರ್ಷದವರ ಸರಾಸರಿ ಗಂಡಸರಲ್ಲಿ ಸುಮಾರು 42 ಸೆಂ.ಮೀ., ಹೆಂಗಸರಲ್ಲಿ 37. ಎಪ್ಪತ್ತು ದಾಟಿದವರಲ್ಲಿ ಅದು ಕ್ರಮವಾಗಿ 33 ಮತ್ತು 27ರ ಆಸುಪಾಸಿಗೆ ಇಳಿದಿತ್ತು. ವಯಸ್ಸಿನ ಜೊತೆಗೆ ಎತ್ತರವೂ ಈ ಅಳತೆಯನ್ನು ನಿರ್ಧರಿಸುತ್ತದೆ. ಆದ್ದರಿಂದ ಎತ್ತರದ ಭಾವಮೈದುನನೊಂದಿಗೆ ಹೋಲಿಸಿಕೊಂಡು ಕೊರಗಬೇಡಿ. 15 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬೀಳುವ ಅಪಾಯ ಹೆಚ್ಚೆಂದೂ, 15ರಿಂದ 25ರ ನಡುವೆ ಇದ್ದರೆ ಮಧ್ಯಮವೆಂದೂ ಪರಿಗಣಿಸುತ್ತಾರೆ. ವಯಸ್ಸಾದಂತೆ ಮೀನಖಂಡದ ಬಲ, ಅಂಗಾಲಿನ ಸ್ಪರ್ಶ, ಒಳಕಿವಿ, ಕಣ್ಣು ಎಲ್ಲವೂ ಸ್ವಲ್ಪಸ್ವಲ್ಪವೇ ಮಂದವಾಗುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ಅಂಗಾಲು ಇನ್ನೂ ಬೇಗ ಮರಗಟ್ಟುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಸೀಮೆಯಲ್ಲಿ ಬೆನ್ನು ಬಾಗದವರನ್ನೆಲ್ಲ ವಯಸ್ಸಾಯಿತೆಂದು ಬಿಟ್ಟುಬಿಡುವ ರೂಢಿಯಿದೆ. ಕೊಳವೆ ಬಾವಿಯ ನೀರಿನ ಫ್ಲೋರೈಡ್ ವರ್ಷಗಟ್ಟಲೆ ಮೈಗೆ ಸೇರಿದರೆ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿದುಕೊಳ್ಳುತ್ತವೆ. ಅಂಥವರ ಕೈ ಮುಂದೆ ಹೋಗದಿರುವುದಕ್ಕೆ ವಯಸ್ಸೊಂದನ್ನೇ ದೂರಲಾಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಕುದಿಸಿ ಕುಡಿಯುತ್ತೇವೆ ಎನ್ನುವವರಿಗೆ: ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.