ವಾಲ್ವ್ ಆಂಪ್ಲಿಫೈಯರ್: ಹೆಸರು ಹಲವು, ಕಾರ್ಖಾನೆ ಕೆಲವೇ

ಮುಂಬೈ, ಪುಣೆಯ ಕನ್ನಡಿಗರ ಮನೆಗಳಲ್ಲಿ ಭೀಮಸೇನ ಜೋಶಿ, ಮನ್ಸೂರರ ಎಲ್‌ಪಿಗಳ ಜೊತೆ ಒಂದು ವಾಲ್ವ್ ಆಂಪ್ಲಿಫೈಯರನ್ನೂ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ (ವಾಲ್ವ್) ಸದ್ದು ಹಿಗ್ಗಿಸುವ ಯಂತ್ರವನ್ನೂ, ಉಳಿಸಿಕೊಂಡವರಿದ್ದಾರೆ. ಅದಕ್ಕೆ ಹೊಸ ವಾಲ್ವ್ ಬೇಕೆಂದಾಗ ಮೊದಲು ಗಲಿಬಿಲಿ ಮಾಡುವುದು ಬೆಲೆಗಿಂತ ಹೆಚ್ಚಾಗಿ ಡಬ್ಬಿಯ ಮೇಲಿನ ಹೆಸರು.

ಒಂದು ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. 1954ರಲ್ಲಿ ಆರಂಭವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಬಿಇಎಲ್ ಮುದ್ರೆಯ ಇಸಿಸಿ83 (ಮೊದಲ ಹಂತದ ಸಣ್ಣ ವಾಲ್ವ್), ಇಎಲ್84 (ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್) ದೇಶದ ತುಂಬ ಹರಡಿದವು. ಟ್ರಾನ್ಸಿಸ್ಟರ್ ಬಂದ ಮೇಲೆ ಬೇಡಿಕೆ ಕರಗಿತು. ಬ್ರಿಟನ್ನಿನ ಮುಲ್ಲಾರ್ಡ್, ಅಮೆರಿಕದ ಆರ್‌ಸಿಎ ಕಾರ್ಖಾನೆಗಳ ಕತೆಯೂ ಅದೇ. ಸೇನೆಯ ಉಪಕರಣಗಳಿಗೆ ವಾಲ್ವ್ ಇನ್ನೂ ಬೇಕಾಗಿದ್ದ ಕಮ್ಯುನಿಸ್ಟ್ ದೇಶಗಳಲ್ಲಿ ಮಾತ್ರ ಯಂತ್ರಗಳು ನಿಲ್ಲಲಿಲ್ಲ.

ಇಂದಿನ ಪೂರೈಕೆ ಬಹುಪಾಲು ನಿಂತಿರುವುದು ಆ ಬುಡದ ಮೇಲೆಯೇ: ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾತೊವ್‌ನ ಕಾರ್ಖಾನೆ, ಚೀನಾದ ಸ್ವಾನೆಯಂಥವು. ಸೋವ್‌ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್, ಟಂಗ್-ಸೋಲ್, ಹೊಸ ಮುಲ್ಲಾರ್ಡ್, ಗೋಲ್ಡ್ ಲಯನ್ ಎಲ್ಲವೂ ಸರಾತೊವ್‌ನವೇ. ಕೊನೆಯ ಮೂರು, ಹಳೆಯ ಟ್ರೇಡ್‌ಮಾರ್ಕ್ ಕೊಂಡು ಹೊಸ ಮಾಲಿಗೆ ಅಂಟಿಸಿದ್ದು. ಒಳಗಿನ ರಚನೆ ಬೇರೆ ಬೇರೆ ಇದ್ದೀತು, ಆದರೆ ಇಂಗ್ಲೆಂಡಿನ ಹಳೆಯ ಮುಲ್ಲಾರ್ಡ್‌ಗೂ ಈ ಹೊಸ ಮುಲ್ಲಾರ್ಡ್‌ಗೂ ಹೆಸರಿನ ನಂಟು ಮಾತ್ರ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ತಡೆದಾಗ ಒಂದೇ ಏಟಿಗೆ ಇಷ್ಟೂ ಹೆಸರುಗಳು ಸಿಕ್ಕಿಕೊಂಡು, ಜಗತ್ತಿನಾದ್ಯಂತ ಬೆಲೆ ಏರಿತು.

ಹಾಗಾಗಿ ಹಣ ಹೆಸರಿಗಲ್ಲ, ಪರೀಕ್ಷೆಗೆ ಹೋಗಲಿ. ಔಟ್‌ಪುಟ್ ಸ್ಥಾನಕ್ಕೆ ಜೆಜೆ ಅಥವಾ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಸಾಮಾನ್ಯ ಇಎಲ್34 ಅಥವಾ ಇಎಲ್84 (ನಿಮ್ಮ ಯಂತ್ರದಲ್ಲಿ ಯಾವುದಿದೆಯೋ ಅದು) ಸಾಕು, ಆದರೆ ಅಳೆದು ಒಂದೇ ಸಮನಾದ ಜೋಡಿ ಹೊಂದಿಸಿದ್ದೇ ಆಗಬೇಕು. ಮೊದಲ ಹಂತದ ಇಸಿಸಿ83ರಲ್ಲಿ ಮುಖ್ಯವಾದದ್ದು ವಾಲ್ವ್ ತಾನೇ ಮಾಡುವ ಸದ್ದು ಕಡಿಮೆ ಇರುವುದು. ಇಸಿಸಿ88 ಅನ್ನು ಅದರ ಸಾಕೆಟ್ಟಿಗೆ ಹಾಕಬೇಡಿ: ಕಾಲು ಒಂಬತ್ತೇ ಇದ್ದರೂ ಹೀಟರಿನ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಯ) ವೈರಿಂಗ್ ಬೇರೆ. ಇಎಲ್34 ಬದಲು ಇನ್ನೂ ದೊಡ್ಡ ಔಟ್‌ಪುಟ್ ವಾಲ್ವ್ ಕೆಟಿ88 ಹಾಕುವ ಆಸೆಯಿದ್ದರೆ ಹೀಟರ್ ಕರೆಂಟ್ ನೋಡಿ: ಇಎಲ್34ಗೆ 1.5 ಆಂಪಿಯರ್, ಕೆಟಿ88ಗೆ 1.6. ನಾಲ್ಕು ವಾಲ್ವ್‌ಗೆ 0.4 ಆಂಪಿಯರ್ ಹೆಚ್ಚುವರಿ. ಟ್ರಾನ್ಸ್‌ಫಾರ್ಮರ್ ತಾಳಿಕೊಂಡರೂ ಬಯಸ್ (ಹಾಡಿಲ್ಲದಾಗಲೂ ವಾಲ್ವಿನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಸದಾಗಿ ಹೊಂದಿಸಲೇಬೇಕು.

ಮುಂಬೈನ ಹಳೆ ಸಾಮಾನಿನ ಪೇಟೆ ಚೋರ್ ಬಜಾರಿನ ಹಳೆಯ ರೇಡಿಯೊಗಳಿಂದ ಬಿಚ್ಚಿದ ಬಿಇಎಲ್ ವಾಲ್ವ್ ಸಿಕ್ಕರೆ, ಇಸಿಸಿ83 ಕೊಳ್ಳಬಹುದು, ಬಳಸಿದ ಇಎಲ್84 ಬೇಡ. ಔಟ್‌ಪುಟ್ ವಾಲ್ವ್ ಸವೆದಿರುವುದು ಕಣ್ಣಿಗೆ ಕಾಣುವುದಿಲ್ಲ. ತಲೆಯೊಳಗಿನ ಬೆಳ್ಳಿಬಣ್ಣದ ಲೇಪ ಬೆಳ್ಳಗೆ ಹಾಲಿನಂತಾಗಿದ್ದರೆ ಒಳಗೆ ಗಾಳಿ ಸೇರಿದೆ, ಬಿಟ್ಟುಬಿಡಿ. ಕರಾವಳಿಯ ತೇವಕ್ಕೆ, ಗೋವಾದಲ್ಲಂತೂ, ಕಾಲುಗಳು ಕಿಲುಬು ಹಿಡಿಯುತ್ತವೆ. ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಇಸಿಸಿ83 ಅನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಅದು ಫೋನೊ ಹಂತಕ್ಕೆ (ಎಲ್‌ಪಿ ಸೂಜಿಯ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗಕ್ಕೆ) ಬಾರದು. ನಿಧಾನದ ಆಲಾಪಕ್ಕೆ ಮುಂಚಿನ ಮೌನ ಸಾಕು, ಇದರ ಗುಟ್ಟು ರಟ್ಟಾಗಲು.

220 ವೋಲ್ಟ್ ಎಂದು ಬರೆದ ಟ್ರಾನ್ಸ್‌ಫಾರ್ಮರಿಗೆ ಮನೆಯ ಲೈನು 240 ಬಂದರೆ 6.3 ವೋಲ್ಟಿನ ಹೀಟರಿಗೆ ಸುಮಾರು 6.9 ಸಿಗುತ್ತದೆ. ಅಗ್ಗದ ವಾಲ್ವ್ ಬೇಗ ಸಾಯುತ್ತದೆಂಬ ಹಲವು ದೂರುಗಳ ಮೂಲ ಇಲ್ಲಿರಬಹುದು. ಆದ್ದರಿಂದ ಹೊಸ ವಾಲ್ವ್ ಹಾಕುವ ಮೊದಲು ಲೈನ್ ಅಳೆಯಿರಿ.

ಫಿಕ್ಸೆಡ್ ಬಯಸ್, ಅಂದರೆ ಬೇರೆ ಮೈನಸ್ ವೋಲ್ಟೇಜ್ ಕೊಟ್ಟು ಹೊಂದಿಸುವ ಬಯಸ್‌ನ ಲೆಕ್ಕ ಹೀಗೆ: ಇಎಲ್34ರ ಪ್ಲೇಟ್ (ಗಾಜಿನೊಳಗಿನ ಲೋಹದ ಕವಚ) ತಡೆಯುವುದು 25 ವಾಟ್. ಹೊಂದಿಸುವುದು ಅದರ 70 ಶೇಕಡಕ್ಕೆ, ಅಂದರೆ 17.5 ವಾಟ್. ಪ್ಲೇಟಿನಲ್ಲಿ 450 ವೋಲ್ಟ್ ಇದ್ದರೆ ಸುಮಾರು 39 ಮಿಲಿಆಂಪಿಯರ್. ಕ್ಯಾಥೋಡಿನಿಂದ (ಎಲೆಕ್ಟ್ರಾನು ಹೊರಡುವ ತುದಿ) ನೆಲಕ್ಕೆ (ಅರ್ತ್) 1 ಓಮ್ ರೆಸಿಸ್ಟರ್ ಇದ್ದರೆ ಅದರ ಮೇಲೆ ಅಷ್ಟೇ ಮಿಲಿವೋಲ್ಟ್ ಓದಬೇಕು, ಅದರಲ್ಲಿ ಸ್ಕ್ರೀನ್ ಎಂಬ ಇನ್ನೊಂದು ಜಾಲರಿಯ ಕರೆಂಟಿನ ಪಾಲು ಒಂದಿಷ್ಟು ಸೇರಿರುತ್ತದೆ. 30 ಮಿಲಿವೋಲ್ಟಿನಿಂದ ಶುರುಮಾಡಿ, ಅರ್ಧ ಗಂಟೆ ಬಿಸಿಯಾದ ಮೇಲೆ ಏರಿಸಿ, ಸ್ಪೀಕರ್ ಕಳಚಬೇಡಿ. ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಆಮೇಲೂ ವಿದ್ಯುತ್ ಹಿಡಿದಿಟ್ಟಿರುವ ಮುಖ್ಯ ಕೆಪಾಸಿಟರನ್ನು 10 ಕಿಲೋಓಮ್, 5 ವಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ. ಇಲ್ಲಿ ಉಪೇಕ್ಷೆ ಮಾಡಿದರೆ ಪ್ರಾಣಕ್ಕೇ ಕುತ್ತು.

ಹೊಸ ವಾಲ್ವಿನ ಪ್ಲೇಟ್ ಕೆಂಪಗೆ ಕಾದರೆ ತಕ್ಷಣ ಆರಿಸಿ. ತಣ್ಣಗಾದ ಮೇಲೆ ಎರಡು ವಾಲ್ವ್‌ಗಳ ಜಾಗ ಅದಲುಬದಲು ಮಾಡಿ. ಕೆಂಪಗಾಗುವುದು ವಾಲ್ವಿನ ಜೊತೆಗೇ ಹೊಸ ಜಾಗಕ್ಕೆ ಹೋದರೆ ವಾಲ್ವ್ ಕೆಟ್ಟಿದ್ದು. ಅದೇ ಸಾಕೆಟ್ಟಿನಲ್ಲಿ ಉಳಿದರೆ ಅನುಮಾನ ಕಪ್ಲಿಂಗ್ ಕೆಪಾಸಿಟರಿನ (ಹಿಂದಿನ ಹಂತದಿಂದ ಹಾಡಿನ ಸಂಕೇತವನ್ನಷ್ಟೇ ದಾಟಿಸುವುದು) ಮೇಲೆ. ಯಂತ್ರ ಆರಿಸಿ ಆ ಔಟ್‌ಪುಟ್ ವಾಲ್ವ್‌ಗಳನ್ನು ತೆಗೆದು, ಮತ್ತೆ ಆನ್ ಮಾಡಿ, ಸಾಕೆಟ್ಟಿನ ಗ್ರಿಡ್ ಪಿನ್ನನ್ನು (ಮೈನಸ್ ವೋಲ್ಟೇಜ್ ಬರುವ ಕಾಲು) ಅಳೆಯಿರಿ: ಮೈನಸ್ ವೋಲ್ಟೇಜ್ ಪಕ್ಕದ ಸಾಕೆಟ್ಟಿಗಿಂತ ಕಡಿಮೆಯಿದ್ದರೆ, ಅಥವಾ ಪ್ಲಸ್ ಕಡೆಗೆ ಜಾರಿದ್ದರೆ, ಕೆಪಾಸಿಟರ್ ಸೋರುತ್ತಿದೆ. ಅದನ್ನು ಅಷ್ಟೇ ಮೈಕ್ರೋಫ್ಯಾರಡ್‌ನ, 630 ವೋಲ್ಟಿನ ಹೊಸದರಿಂದ ಬದಲಿಸಿ, ವಾಲ್ವ್ ಮತ್ತೆ ಹಾಕಿ, ಬಯಸ್ ಮೊದಲಿಂದ ಹೊಂದಿಸಬೇಕು.