ಹರಾಜು ಕಟ್ಟೆಯಿಂದ ಇಳಿದು ಬಂದ ಕೆಂಗೂದಲಿನ ಹೆಣ್ಣು

ಕತ್ತಲಲ್ಲಿ ದೋಣಿ ಮೆಲ್ಲಗೆ ತೇಲುತ್ತದೆ. ತಿರುವು ದಾಟಿದರೆ ಬೆಳಕು. ಕಟ್ಟೆಯ ಮೇಲೆ ಕೆಂಪು ಉಡುಪು, ಗರಿಯ ಟೋಪಿ ತೊಟ್ಟ ಕೆಂಗೂದಲಿನ ಹೆಣ್ಣು. ಪಕ್ಕದಲ್ಲಿ ಹಗ್ಗದಿಂದ ಕಟ್ಟಿಹಾಕಿದ ಇನ್ನಷ್ಟು ಹೆಂಗಸರು. ಮೇಲೊಂದು ಬ್ಯಾನರ್: ಹರಾಜು ನಡೆಯುತ್ತಿದೆ, ಒಬ್ಬಳನ್ನು ಮದುವೆಯಾಗಲು ಕೊಂಡುಹೋಗಿ. ಎದುರಿನ ದಡದಲ್ಲಿ ಕುಡಿದ ಕಡಲ್ಗಳ್ಳರು ಕೆಂಗೂದಲಿನವಳೇ ಬೇಕು ಎಂದು ಕೂಗುತ್ತಿದ್ದಾರೆ.

ಕ್ಯಾಲಿಫೋರ್ನಿಯಾದ ಮನರಂಜನಾ ಪಾರ್ಕ್ ಡಿಸ್ನಿಲ್ಯಾಂಡ್‌ನಲ್ಲಿ, ದೋಣಿಯಲ್ಲಿ ಕೂತು ಗೊಂಬೆಗಳ ದೃಶ್ಯ ನೋಡುತ್ತಾ ಸಾಗುವ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ರೈಡ್ ಶುರುವಾಗಿದ್ದು 1967ರ ಮಾರ್ಚ್‌ನಲ್ಲಿ. ಅಲ್ಲಿಂದ 50 ವರ್ಷ ಜನ ನೋಡಿದ್ದು ಇದೇ ದೃಶ್ಯವನ್ನು. ಗೊಂಬೆಗಳು, ನಿಜ. ಆದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಗೊಂಬೆಗಳು ಅಲ್ವಾ? ನನ್ನನ್ನು ಜಾಸ್ತಿ ಚುಚ್ಚುವುದು ಕೆಂಗೂದಲಿನವಳಲ್ಲ, ಅಲ್ಲೇ ನಿಂತಿದ್ದ ದಪ್ಪ ಹೆಂಗಸು. ಹರಾಜು ಕೂಗುವವನು ಅವಳನ್ನು ಮಾರಲು ಒದ್ದಾಡುತ್ತಾನೆ, ಅವಳು ಯಾರಿಗೂ ಬೇಡ. ನಗು ಹುಟ್ಟಬೇಕಾಗಿದ್ದು ಅಲ್ಲಿಂದ.

ಈ ಪಾತ್ರಗಳನ್ನು ರೂಪಿಸಿದವರು ಮಾರ್ಕ್ ಡೇವಿಸ್. ವಾಲ್ಟ್ ಡಿಸ್ನಿ ಖುದ್ದಾಗಿ ನಿಂತು ಮಾಡಿಸಿದ ಕೊನೆಯ ರೈಡ್‌ಗಳಲ್ಲಿ ಇದೂ ಒಂದು. ಅದು ತೆರೆಯುವ ಮೂರು ತಿಂಗಳ ಮೊದಲೇ ಅವರು ತೀರಿಕೊಂಡರು. ಹಾಗಾಗಿ ಅದರಲ್ಲಿ ಏನೇ ಬದಲಾದರೂ ಹಳೆಯ ಅಭಿಮಾನಿಗಳಿಗೆ ಸಂಕಟ. ಆ ಸಂಕಟ ಸುಳ್ಳಲ್ಲ.

ಆದರೆ ಈ ರೈಡ್ ಇದ್ದ ಹಾಗೇ ಯಾವತ್ತೂ ಉಳಿದಿರಲಿಲ್ಲ. ಮೊದಲು ಇನ್ನೊಂದು ದೃಶ್ಯದಲ್ಲಿ ಕಡಲ್ಗಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. 1997ರಲ್ಲಿ ಆ ಹೆಂಗಸರ ಕೈಗೆ ಊಟದ ತಟ್ಟೆ ಬಂತು. ಕಳ್ಳರು ಓಡುತ್ತಿರುವುದು ತಿಂಡಿಯ ಹಿಂದೆ ಎಂದಾಯಿತು. ಓಟ ಅದೇ, ನೆಪ ಮಾತ್ರ ಬೇರೆ. ನನ್ನ ಪ್ರಕಾರ ಅದು ಅರೆಮನಸ್ಸಿನ ತೇಪೆ. ರೈಡ್ ಆಧರಿಸಿದ ಸಿನಿಮಾ 2003ರಲ್ಲಿ ಬಂದು ಗೆದ್ದ ಮೇಲೆ, 2006ರಲ್ಲಿ ಅದರ ನಾಯಕ ಜ್ಯಾಕ್ ಸ್ಪ್ಯಾರೋನ ಗೊಂಬೆಯೂ ಸೇರಿತು.

ಹರಾಜಿಗೆ ಕೈ ಹಾಕಿದ್ದು 2017ರಲ್ಲಿ. ಇದೇ ರೈಡ್ ಇರುವ ಡಿಸ್ನಿ ಪಾರ್ಕ್‌ಗಳಲ್ಲಿ ಮೊದಲು ಪ್ಯಾರಿಸ್, 2018ರಲ್ಲಿ ಫ್ಲೋರಿಡಾ, ನಂತರ ಕ್ಯಾಲಿಫೋರ್ನಿಯಾ. ಈಗ ಅಲ್ಲಿ ಬಿಕರಿಯಾಗುವುದು ಊರಿನಿಂದ ದೋಚಿದ ಮಾಲು, ಕೋಳಿಗಳು. ಕೆಂಗೂದಲಿನವಳು ಅಲ್ಲೇ ಇದ್ದಾಳೆ. ಆದರೆ ಈಗ ಅವಳೇ ಕಡಲ್ಗಳ್ಳಿ. ಹೆಸರು ರೆಡ್, ಕೈಯಲ್ಲಿ ಬಂದೂಕು. ಎದುರು ದಡದವರು ಕೂಗುವುದು ಅವಳಿಗಾಗಿ ಅಲ್ಲ, ರಮ್‌ಗಾಗಿ. ಸುಮ್ನೆ ಎತ್ತಿಬಿಡದೆ ಅವಳಿಗೊಂದು ಕೆಲಸ ಕೊಟ್ಟಿದ್ದು ಒಳ್ಳೆಯದಾಯಿತು.

ಇದೇ ದಾರಿಯಲ್ಲಿ ಡಿಸ್ನಿಯ ಬೇರೆ ರೈಡ್‌ಗಳೂ ಬದಲಾದವು. ‘ಜಂಗಲ್ ಕ್ರೂಸ್’ನಲ್ಲಿ ಕಾಡಿನ ಜನರನ್ನು ತಲೆ ಕಡಿಯುವವರಂತೆ ತೋರಿಸುತ್ತಿದ್ದ ಗೊಂಬೆಗಳನ್ನು 2021ರಲ್ಲಿ ತೆಗೆದರು. ಗುಲಾಮಗಿರಿಯ ನಂತರದ, ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಕರಿಯರ ಬದುಕನ್ನು ಹಸನಾಗಿ ಬಣ್ಣಿಸಿದ 1946ರ ಸಿನಿಮಾವನ್ನು ಆಧರಿಸಿದ್ದ ‘ಸ್ಪ್ಲ್ಯಾಶ್ ಮೌಂಟನ್’ ಅಮೆರಿಕದ ಪಾರ್ಕ್‌ಗಳಿಂದ ಹೋಗಿ, 2024ರಲ್ಲಿ ಕರಿಯ ರಾಜಕುಮಾರಿ ಟಿಯಾನಾಳ ರೈಡ್ ಬಂತು.

ಕಡಲ್ಗಳ್ಳರ ರೈಡ್‌ನಲ್ಲಿ ಹರಾಜಿಗಿಂತ ಮೊದಲೇ ಒಂದು ಗುಹೆ ಸಿಗುತ್ತದೆ. ಅಸ್ಥಿಪಂಜರಗಳು ಕೂತು ಕುಡಿಯುವ ಹೆಂಡದಂಗಡಿ ಅದು. ಅದರ ಗೋಡೆಯಲ್ಲಿ ಡೇವಿಸ್ ಬರೆದ ಒಂದು ಚಿತ್ರ ತೂಗುತ್ತಿದೆ. ಅದರಲ್ಲಿರುವುದು ಕಡಲ್ಗಳ್ಳಿಯಾದ ಒಬ್ಬ ಕೆಂಗೂದಲಿನ ಹೆಣ್ಣು.