ಡಿಎನ್‌ಎ ಮಾಡಿಸಿದರೆ ಹುಳದ ಹೆಸರು ಗೊತ್ತಾಗುತ್ತಾ?

ಪ್ರಶ್ನೆ: ಸರ್, ಅಳಿವೆಯಲ್ಲಿ ಬಳಚು ಹೆಕ್ಕುವಾಗ ಕೆಸರಲ್ಲಿ ಒಂದು ಹುಳ ಸಿಕ್ಕಿದೆ. ಫೋಟೋ ಕಳಿಸಿದ್ದೇನೆ. ಊರಲ್ಲಿ ಯಾರೂ ಇಂಥದ್ದನ್ನು ನೋಡಿಲ್ಲವಂತೆ. ಡಿಎನ್‌ಎ ಟೆಸ್ಟ್ ಮಾಡಿಸಿದರೆ ಹೊಸ ಪ್ರಭೇದ ಹೌದೋ ಅಲ್ಲವೋ ಗೊತ್ತಾಗುತ್ತೆ, ಅಲ್ವಾ?

ಉತ್ತರ: ಫೋಟೋ ಪ್ರತಿ ಸಲ ಬೇರೆ, ಪ್ರಶ್ನೆ ಮಾತ್ರ ಅದೇ. ಊರಲ್ಲಿ ಯಾರೂ ನೋಡಿಲ್ಲ ಅಂದರೆ ಯಾರೂ ಅಗೆದಿಲ್ಲ ಅಂತ, ಅಷ್ಟೆ. ಮೈಯ ಎರಡೂ ಬದಿ ಬಿರುಗೂದಲಿರುವ ಈ ಪಾಲಿಕೀಟ್ ಹುಳಗಳಲ್ಲಿ ಈಗಾಗಲೇ ಹೆಸರಿರುವವೇ 10,000ಕ್ಕೂ ಜಾಸ್ತಿ. ನಿಮ್ಮದು ಅವುಗಳಲ್ಲಿ ಯಾವುದೂ ಅಲ್ಲ ಅಂತ ಮೊದಲು ತೋರಿಸಬೇಕು.

ಇನ್ನು ಡಿಎನ್‌ಎ. ಇದೊಂದನ್ನು ಜನರ ತಲೆಯಿಂದ ತೆಗೆಯೋದು ನನ್ನಿಂದ ಇವತ್ತಿಗೂ ಆಗಿಲ್ಲ. ಲ್ಯಾಬಿನಿಂದ ಬರುವುದು ಹೆಸರಲ್ಲ ಸ್ವಾಮಿ, ನಾಲ್ಕೇ ಅಕ್ಷರಗಳ ಒಂದು ಉದ್ದನೆಯ ಸಾಲು. ಅದನ್ನು ಹಳೆಯ ಸಾಲುಗಳ ಜೊತೆ ಹೋಲಿಸಬೇಕು. ಹೋಲಿಸೋಣ ಅಂದರೆ ಎಷ್ಟೋ ಹುಳಗಳ ಡಿಎನ್‌ಎಯನ್ನು ಯಾರೂ ಓದಿಯೇ ಇಲ್ಲ. ಆಧಾರ್ ಮಾಡಿಸದವನ ಬೆರಳಚ್ಚು ಯಾವುದಕ್ಕೂ ಹೊಂದಲಿಲ್ಲ ಅಂದ ಮಾತ್ರಕ್ಕೆ ಅವನು ಇವತ್ತು ಹುಟ್ಟಿದವನಾ?

ಹೊಂದಿತು ಅಂತಲೇ ಇಟ್ಟುಕೊಳ್ಳಿ. ಆ ದಾಖಲೆಗೆ ಹೆಸರು ಬರೆದವರು ಹುಳವನ್ನು ಸರಿಯಾಗಿ ಗುರುತಿಸಿದ್ದರಾ? ಸಕ್ಕರೆ ಅಂತ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಉಪ್ಪಿರುವುದು ಅಲ್ಲೂ ಉಂಟು. ಹಾಗಾದರೆ ಹೆಸರಿಟ್ಟಾಗ ತೆಗೆದಿಟ್ಟ ಮೂಲ ಹುಳವನ್ನೇ ಪರೀಕ್ಷಿಸೋಣ ಅಂದರೆ, ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವ ಕುಡಿದ ಹಳೆಯ ಹುಳದಿಂದ ಡಿಎನ್‌ಎ ತೆಗೆಯೋದು ಬಲು ಕಷ್ಟ. ಅದಕ್ಕೇ ಬಾಲದ ಒಂದು ತುಂಡನ್ನು ಮೊದಲೇ ಆಲ್ಕೋಹಾಲ್‌ಗೆ ಹಾಕಿ, ಉಳಿದದ್ದನ್ನು ಫಾರ್ಮಲಿನ್‌ಗೆ ಹಾಕಿ ಅನ್ನೋದು.

ಹೆಸರಿಡೋಕೆ ಅಂತಾರಾಷ್ಟ್ರೀಯ ನಿಯಮವೂ ಇದೆ. 1930ರ ನಂತರ ಇಡುವ ಹೆಸರಿಗೆ, ಇದು ಬೇರೆಯವುಗಳಿಗಿಂತ ಹೇಗೆ ಬೇರೆ ಅಂತ ಮಾತಿನಲ್ಲಿ ಬರೆದಿರಬೇಕು. 1999ರ ನಂತರವಂತೂ ಯಾವ ಹುಳ ಈ ಹೆಸರಿಗೆ ಆಧಾರ ಅಂತ ಬೆರಳು ಮಾಡಿ ತೋರಿಸಲೇಬೇಕು. 2012ರಲ್ಲಿ ಕೇರಳದ ದಕ್ಷಿಣ ಕರಾವಳಿಯ ಒಂದು ಹುಳಕ್ಕೆ ನಮಾಲಿಕಾಸ್ಟಿಸ್ ಜಯಾ ಅಂತ ಹೆಸರಿಟ್ಟವರು ಡಿಎನ್‌ಎ ಓದಿದ್ದೂ ಹೌದು, ಹುಳದ ಮೈಯನ್ನು ವಿವರಿಸಿದ್ದೂ ಹೌದು.

ನಿಮ್ಮ ಫೋಟೋದಲ್ಲಿರುವುದು ನೆರೀಸ್ ಕುಟುಂಬದ್ದು. ಅದರ ಗುಟ್ಟೆಲ್ಲ ಗಂಟಲಲ್ಲಿದೆ. ಗಂಟಲು ಕೈಗವಸಿನ ಬೆರಳಿನ ಹಾಗೆ ಒಳಗಿನದು ಹೊರಗಾಗಿ ಮಗುಚಿ ಬರುತ್ತೆ. ತುದಿಯಲ್ಲಿ ಎರಡು ದವಡೆ, ಸುತ್ತಲೂ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಹಲ್ಲುಗಳು. ಗಂಟಲನ್ನು ಎಂಟು ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ಹಲ್ಲು ಅಂತ ಎಣಿಸಬೇಕು. ಆಮೇಲೆ ಬಿರುಗೂದಲಿನ ತುದಿ ಕುಡುಗೋಲಿನ ಹಾಗೆ ಬಾಗಿದೆಯಾ, ಸೂಜಿಯ ಹಾಗೆ ನೆಟ್ಟಗಿದೆಯಾ ನೋಡಬೇಕು. ಮೊಬೈಲ್ ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೇನೆ. ನಮ್ಮ ಕೆಸರಿನ ಹುಳಗಳಿಗೆ ದೂರದ ಊರಿನ ಹೆಸರು ಯಾಕೆ? ಕ್ಯಾಪಿಟೆಲ್ಲಾ ಕ್ಯಾಪಿಟೇಟಾ ಅನ್ನೋ ಹುಳವನ್ನೇ ತಗೊಳ್ಳಿ. 1780ರಲ್ಲಿ ಫ್ಯಾಬ್ರಿಶಿಯಸ್ ಅನ್ನೋ ಜೀವವಿಜ್ಞಾನಿ ಅದನ್ನು ವಿವರಿಸಿದ್ದು ಗ್ರೀನ್‌ಲ್ಯಾಂಡಿನಿಂದ. ಆಮೇಲೆ ಲೋಕದ ಕೊಳಕು ಕೆಸರಲ್ಲಿ ಎಲ್ಲೇ ಅಂಥದ್ದು ಸಿಕ್ಕರೂ ಅದೇ ಹೆಸರು ಅಂಟಿಸಿದರು. 1976ರಲ್ಲಿ ಅಮೆರಿಕದ ಗ್ರಾಸಲ್ ದಂಪತಿ ಅವುಗಳ ಕಿಣ್ವಗಳನ್ನು ಪರೀಕ್ಷಿಸಿ ನೋಡಿದರೆ, ಒಂದು ಅಂದುಕೊಂಡದ್ದು ಕಡಿಮೆ ಅಂದರೂ ಆರು! ಮೊಟ್ಟೆಯ ಗಾತ್ರ, ಮರಿ ಬೆಳೆಯುವ ರೀತಿಯಲ್ಲೂ ವ್ಯತ್ಯಾಸ ಇತ್ತು. ಇಲ್ಲಿ ಮೊದಲು ಸುಳಿವು ಕೊಟ್ಟದ್ದು ಲ್ಯಾಬೇ, ಒಪ್ಪುತ್ತೇನೆ. ನಾನು ಲ್ಯಾಬಿನ ವೈರಿಯಲ್ಲ.

ಹಾಗಾಗಿ ವಿಚಿತ್ರ ಹುಳಕ್ಕಿಂತ ಮಾಮೂಲಿ ಹುಳದ ಮೇಲೆಯೇ ನನಗೆ ಅನುಮಾನ ಜಾಸ್ತಿ. ಮುಂದಿನ ಸಲ ಬರುವಾಗ ಗಾಳಕ್ಕೆ ಸಿಕ್ಕಿಸುವ ಹುಳವನ್ನೇ ನಾಲ್ಕು ತನ್ನಿ. ಇಡಿಯಾಗಿರಲಿ. ಎಲ್ಲಿ, ಯಾವತ್ತು ಅಗೆದದ್ದು ಅಂತ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಬಾಟಲಿಯೊಳಗೇ ಹಾಕಿ. ಪೆನ್ನಲ್ಲಿ ಬರೆದರೆ ಆಲ್ಕೋಹಾಲ್‌ನಲ್ಲಿ ಶಾಯಿ ಕರಗಿ ಹೋಗುತ್ತೆ.